ಹುಲ್ಲಿನ ಖಾತೆ: ಭತ್ತದ ಹುಲ್ಲು ಮಣ್ಣಿಗೆ ಸೇರಿಸಿ ಪೊಟ್ಯಾಷ್ ಲೆಕ್ಕ ಹಿಡಿಯುವುದು ಹೇಗೆ

ಒಂಬತ್ತು ವರ್ಷ ನಾನು ಶಹಾಪುರದ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಉದ್ರಿ ಪುಸ್ತಕ ನನ್ನ ಕೈಯಲ್ಲೇ ಇತ್ತು. ಯಾರು ಎಷ್ಟು ಚೀಲ ಒಯ್ದರು, ಯಾರು ರಾಶಿ ಆದ ಮೇಲೂ ಕೊಡಲಿಲ್ಲ, ಎಲ್ಲಾ ಬಾಯಿಪಾಠ. ಆ ಪುಸ್ತಕದ ಯಾವ ಪುಟ ತೆರೆದರೂ ಸಾರಜನಕದ ಯೂರಿಯಾ, ರಂಜಕದ ಡಿಎಪಿ, ಮತ್ತೆ ಯೂರಿಯಾ, ಮತ್ತೆ ಡಿಎಪಿ. ಬೆಳೆಗೆ ಬೇಕಾದ ಇನ್ನೊಂದು ಪೋಷಕ ಪೊಟ್ಯಾಷ್, ಅದು ಮಾತ್ರ ಪುಟಕ್ಕೆ ಒಂದೋ ಎರಡೋ ಸಲ. 2022ರಲ್ಲಿ ಅದರ ಚೀಲ 1,700 ರೂಪಾಯಿಗೆ ಏರಿದಾಗ ಆ ಒಂದೆರಡೂ ನಿಂತವು.

ಅಪ್ಪ ತೀರಿಕೊಂಡ ಮೇಲೆ ಅಂಗಡಿ ಬಿಟ್ಟು ಹೊಲಕ್ಕೆ ಇಳಿದೆ. ನಾರಾಯಣಪುರ ಎಡದಂಡೆ ಕಾಲುವೆ ನೀರು ಹತ್ತುವ ಐದು ಎಕರೆ ಗದ್ದೆ, ನೀರು ಹತ್ತದ ಮೂರು ಎಕರೆ ಎರೆ, ಅಂದರೆ ಕರಿ ಮಣ್ಣಿನ ಹೊಲ. ಗದ್ದೆಯಲ್ಲಿ ಭತ್ತ, ಎರೆಯಲ್ಲಿ ತೊಗರಿ ಇಲ್ಲವೇ ಬಿಳಿ ಜೋಳ. ಹೊಲಕ್ಕೆ ಬಂದರೂ ಖಾತೆ ಬರೆಯುವ ಚಟ ಹೋಗಲಿಲ್ಲ. ಈಗ ಹುಲ್ಲಿಗೂ ಒಂದು ಖಾತೆ ತೆರೆದಿದ್ದೇನೆ. ನಮ್ಮ ಕಾಕಾ ನಗುತ್ತಾರೆ: "ಏನಲೇ ತಮ್ಮಾ, ಹುಲ್ಲಿಗೂ ಪಾವತಿ ಹರೀತಿ ಏನು?"

ಹರಿಯಲೇಬೇಕು. ಯಾಕೆ ಅಂತ ಲೆಕ್ಕ ನೋಡಿ.

ನಮ್ಮ ಕಡೆ ಕಾಲುವೆ ಕೆಳಗೆ ಎಕರೆಗೆ 75 ಕೆಜಿಯ 40 ಚೀಲ ಭತ್ತ ಬಂತು ಅಂದರೆ 30 ಕ್ವಿಂಟಲ್. ಹುಲ್ಲೂ ಹೆಚ್ಚುಕಡಿಮೆ ಅಷ್ಟೇ ತೂಕ, ಮೂರು ಟನ್. ಒಣ ಭತ್ತದ ಹುಲ್ಲಿನಲ್ಲಿ ಸುಮಾರು ಶೇಕಡಾ 1.5ರಷ್ಟು ಪೊಟ್ಯಾಸಿಯಂ ಇರುತ್ತದೆ. ಮೂರು ಟನ್ನಿಗೆ 45 ಕೆಜಿ ಆಯ್ತು. ಗೊಬ್ಬರದ ಚೀಲದ ಮೇಲೆ ಬರೆಯುವುದು ಪೊಟ್ಯಾಸಿಯಂ ಅಲ್ಲ, ಪೊಟ್ಯಾಷ್, ಅಂದರೆ ಕೆ2ಓ. ಪೊಟ್ಯಾಸಿಯಂ ಅನ್ನು 1.2ರಿಂದ ಗುಣಿಸಿದರೆ ಪೊಟ್ಯಾಷ್ ಸಿಗುತ್ತದೆ. 45ಕ್ಕೆ 54 ಕೆಜಿ. ಎಂಓಪಿ ಅನ್ನುವ ಪೊಟ್ಯಾಷ್ ಗೊಬ್ಬರದಲ್ಲಿ ಶೇಕಡಾ 60 ಇರುವುದರಿಂದ 50 ಕೆಜಿ ಚೀಲದಲ್ಲಿ 30 ಕೆಜಿ. ಹಾಗಾದರೆ ಒಂದು ಎಕರೆ ಹುಲ್ಲಿನಲ್ಲಿ ಹತ್ತಿರ ಹತ್ತಿರ ಎರಡು ಚೀಲ ಪೊಟ್ಯಾಷ್ ಮಲಗಿದೆ. ಮಾರುಕಟ್ಟೆಗೆ ಹೋಗುವ 30 ಕ್ವಿಂಟಲ್ ಕಾಳಿನಲ್ಲಿ ಎಷ್ಟು? 11 ಕೆಜಿ ಅಷ್ಟೇ. ಬೆಳೆ ಮಣ್ಣಿನಿಂದ ಎತ್ತಿದ ಪೊಟ್ಯಾಷಿನಲ್ಲಿ ಹತ್ತಕ್ಕೆ ಎಂಟು ಪಾಲು ಹುಲ್ಲಿನಲ್ಲೇ ಇದೆ. ಭತ್ತ ಮಾರಿದರೆ ಮಣ್ಣಿಗೆ ಅಷ್ಟೇನೂ ನಷ್ಟ ಇಲ್ಲ. ಹುಲ್ಲು ಹೋದರೆ ಇದೆ.

ಪ್ರತಿ ಹೊಲಕ್ಕೂ ಇದೇ ಅಂಕಿ ಬರಲ್ಲ. ತಳಿ, ಮಣ್ಣು ನೋಡಿ ಒಂದಿಷ್ಟು ಹೆಚ್ಚುಕಡಿಮೆ ಆಗುತ್ತದೆ. ಖಾತೆಗೆ ಇಷ್ಟು ಅಂದಾಜು ಸಾಕು.

ಮೊದಲು ಒಂದು ಬಕೆಟ್ ಆಟ

ಇದನ್ನು ಮನೆಯಲ್ಲೇ ಮಾಡಿ ನೋಡಿ. ಎರಡು ಹಿಡಿ ಒಣ ಹುಲ್ಲು ತೊಗೊಂಡು ಗೇಣುದ್ದ ಕತ್ತರಿಸಿ ನೀರಿನ ಬಕೆಟಿನಲ್ಲಿ ಮುಳುಗಿಸಿಡಿ, ಮೇಲೊಂದು ಕಲ್ಲು ಇಡಿ. ಬೆಳಿಗ್ಗೆ ನೋಡಿದರೆ ನೀರು ಹೋಟೆಲಿನ ತೆಳು ಚಹಾದ ಹಾಗೆ ಆಗಿರುತ್ತದೆ. ಆ ಬಣ್ಣ ಪೊಟ್ಯಾಷಿನದಲ್ಲ. ಆದರೆ ಬಣ್ಣದ ಜೊತೆಗೆ ಪೊಟ್ಯಾಷೂ ನೀರಿಗೆ ಇಳಿದಿರುತ್ತದೆ. ಹುಲ್ಲು ಮಾತ್ರ ಇನ್ನೂ ಗಟ್ಟಿಯಾಗೇ ಇರುತ್ತದೆ, ಕೊಳೆತಿರೋದೇ ಇಲ್ಲ.

ಇಡೀ ಕೆಲಸದ ಕೀಲಿ ಇಲ್ಲೇ ಇದೆ. ಹುಲ್ಲಿನಲ್ಲಿರುವ ಸಾರಜನಕ ಅದರ ಮೈಯೊಳಗೆ ಕಟ್ಟಿಕೊಂಡಿರುತ್ತದೆ. ಹುಲ್ಲು ಕೊಳೆಯಬೇಕು, ಹುಳ ತಿನ್ನಬೇಕು, ಆಮೇಲೆ ಹೊರಬರುತ್ತದೆ. ಪೊಟ್ಯಾಷ್ ಹಾಗಲ್ಲ. ಅದು ಗಿಡದ ರಸದಲ್ಲಿ ಉಪ್ಪಿನ ಹಾಗೆ ಕರಗಿರುತ್ತದೆ. ಹುಲ್ಲು ಒಣಗಿದ ಮೇಲೆ ನೀರು ತಾಕಿದರೆ ಸಾಕು, ಹೊರಗೆ. ಇದರಿಂದ ಒಂದು ಲಾಭ, ಒಂದು ಅಪಾಯ. ಸೇರಿಸಿದ ಹುಲ್ಲಿನ ಪೊಟ್ಯಾಷಿನಲ್ಲಿ ಬಹುಪಾಲು ಮುಂದಿನ ಬೆಳೆಗೇ ಸಿಗುತ್ತದೆ, ವರ್ಷಗಟ್ಟಲೆ ಕಾಯಬೇಕಿಲ್ಲ. ಆದರೆ ಹುಲ್ಲು ಮೇಲೆ ಬಿದ್ದಿರುವಾಗ ಜೋರು ಮಳೆ ಬಂದು ನೀರು ಹಳ್ಳಕ್ಕೆ ಹರಿದರೆ ನಿಮ್ಮ ಚೀಲ ಭೀಮಾ ನದಿಗೆ ಹೋಯ್ತು ಅಂತ ಬರೆದುಕೊಳ್ಳಿ.

ಅದಕ್ಕೆ ಕೊಯ್ಲು ಆದ ದಿನವೇ ನಾನು ಮಡಿಗಳ ಕಂಡಿ ಮುಚ್ಚುತ್ತೇನೆ. ಎರಡು ಸಲಿಕೆ ಮಣ್ಣಿನ ಕೆಲಸ. ಮಳೆ ಬಂದರೆ ಮಡಿಯಲ್ಲೇ ಇಂಗಲಿ. ನಮ್ಮ ಎರೆ ಮಣ್ಣು ಪೊಟ್ಯಾಷನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮರಳು ಜಾಸ್ತಿ ಇರುವ ಮಸಾರಿ ಹೊಲದಲ್ಲಿ ಅಷ್ಟು ಹಿಡಿತ ಇಲ್ಲ.

ಸುಟ್ಟರೆ ಏನು ತಪ್ಪು?

ಕಾಕಾನ ವಾದ ಹೀಗೆ: "ಸುಟ್ಟರ ಬೂದಿ ಅಲ್ಲೇ ಬೀಳ್ತದ. ಪೊಟ್ಯಾಷ್ ಎಲ್ಲಿಗಿ ಹೋಗ್ತದ?" ಅರ್ಧ ಸರಿ. ಪೊಟ್ಯಾಷಿನ ದೊಡ್ಡ ಪಾಲು ಬೂದಿಯಲ್ಲಿ ಉಳಿಯುತ್ತದೆ, ನಿಜ. ಐದರಲ್ಲಿ ಒಂದು ಪಾಲು ಹೋಗುತ್ತದೆ ಅಂತ ಲೆಕ್ಕ. ಆದರೆ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಹೊಗೆಯಾಗುತ್ತದೆ. ಮೂರು ಟನ್ ಹುಲ್ಲಿಗೆ ಅದು 18 ಕೆಜಿ, ಒಂದು ಚೀಲ ಯೂರಿಯಾಕ್ಕೆ ಸ್ವಲ್ಪ ಕಮ್ಮಿ. ಇನ್ನು ಉಳಿದ ಬೂದಿ? ಏಪ್ರಿಲ್, ಮೇ ತಿಂಗಳಲ್ಲಿ ಶಹಾಪುರ, ಸುರಪುರ ಕಡೆಯ ಗಾಳಿ ನೋಡಿದವರಿಗೆ ಅದನ್ನು ಹೇಳಬೇಕಾಗಿಲ್ಲ. ಅಂಗಳದಲ್ಲಿ ಒಣಗಹಾಕಿದ ಶಾವಿಗೆ ಮೇಲೆಲ್ಲಾ ಕರಿ ಕೂರುತ್ತದೆ, ಅವ್ವ ಇಡೀ ಊರಿಗೆ ಬೈಯುತ್ತಾಳೆ. ಹೊಲದಲ್ಲಿ ಉಳಿದದ್ದೂ ಸಾಲಿನಲ್ಲಿ ಸುಟ್ಟಿದ್ದರಿಂದ ಸಾಲಿನಲ್ಲೇ ಇರುತ್ತದೆ. ನಡುವೆ ಏನೂ ಇಲ್ಲ.

ಮಿಷನ್ ಬಂದ ದಿನ

ಅರ್ಧ ಕೆಲಸ ಕಟಾವ್ ಮಿಷನ್ ಬಂದ ದಿನವೇ ಆಗಬೇಕು. ಚೈನ್ ಮಿಷನ್ ಗದ್ದೆಯಲ್ಲಿ ಹೋದರೆ ಅರ್ಧದಷ್ಟು ಹುಲ್ಲು ಕೂಳೆಯಾಗಿ ನಿಲ್ಲುತ್ತದೆ, ಇನ್ನರ್ಧ ಹಿಂದೆ ಸಾಲಾಗಿ ಬೀಳುತ್ತದೆ. ಹುಲ್ಲು ಕತ್ತರಿಸಿ ಹರಡುವ ಜೋಡಣೆ ಇರುವ ಮಿಷನ್ ಸಿಕ್ಕರೆ ಗಂಟೆಗೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ಹಿಡಿಯಿರಿ. ನಮ್ಮ ಕಡೆ ಬರುವ ಎಲ್ಲಾ ಮಿಷನ್ನಿಗೂ ಅದು ಇರಲ್ಲ. ಇಲ್ಲದಿದ್ದರೆ ಕೈಯಿಂದ ಹರಡಬೇಕು. ಇಬ್ಬರು ಆಳು, ಎರಡು ಕವಲುಗೋಲು, ದಿನಕ್ಕೆ ಎರಡು ಎಕರೆ ಆರಾಮಾಗಿ ಆಗುತ್ತದೆ. ಮರುದಿನವೇ ಮಾಡಿ. ಇಬ್ಬನಿ ಬಿದ್ದು ಒತ್ತಿಕೊಂಡ ಮೇಲೆ ಬಿಡಿಸುವುದು ಕಷ್ಟ.

ಮೊದಲ ವರ್ಷ ನಾನು ಹರಡಲಿಲ್ಲ. ಸಾಲು ಇದ್ದ ಹಾಗೇ ಟ್ರ್ಯಾಕ್ಟರಿಗೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆಸಿದೆ. ನಾಟಿ ಆಗಿ ಹದಿನೈದು ದಿನಕ್ಕೆ ಬದುವಿನ ಮೇಲೆ ನಿಂತು ನೋಡಿದರೆ ಗದ್ದೆ ಇಳಕಲ್ ಸೀರೆ ಪಟ್ಟಿಯ ಹಾಗೆ ಕಾಣುತ್ತಿತ್ತು. ಹುಲ್ಲಿನ ಸಾಲು ಇದ್ದಲ್ಲಿ ಸಸಿ ಹಳದಿ, ಕುಳ್ಳು. ಅದರ ಪಕ್ಕ ಹಸಿರು. ಮತ್ತೆ ಹಳದಿ. ಒಂದು ಹಳದಿ ಸಸಿ ಕಿತ್ತು ಕೈಯಲ್ಲಿ ಹಿಡಿದೆ. ಹೊಸ ಬೇರು ಬೆರಳುದ್ದ ಕೂಡ ಇಲ್ಲ, ಇದ್ದ ಬೇರು ಕಂದು. ಕೆಸರಿನಲ್ಲಿ ಕಾಲಿಟ್ಟರೆ ಗುಳುಗುಳು ಗುಳ್ಳೆ, ಕೊಳೆತ ಮೊಟ್ಟೆಯ ವಾಸನೆ. ತಮಾಷೆ ಏನಂದರೆ ತೆನೆ ಬರುವ ಹೊತ್ತಿಗೆ ಪಟ್ಟಿ ಉಲ್ಟಾ ಆಯ್ತು. ಹುಲ್ಲು ಇದ್ದ ಸಾಲೇ ಕಡು ಹಸಿರಾಗಿ ಗಟ್ಟಿಯಾಗಿ ನಿಂತಿತು. ಆದರೆ ತೆಂಡೆ ಹೊಡೆಯುವ, ಅಂದರೆ ಬುಡದಿಂದ ಹೊಸ ಕವಲು ಒಡೆಯುವ ಕಾಲ ಆಗಲೇ ಮುಗಿದಿತ್ತು.

ಆ ಹಳದಿಗೆ ಕಾರಣ ಎರಡು. ಹುಲ್ಲಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಮ್ಮಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಮೊದಲು ತಿಂದುಬಿಡುತ್ತವೆ, ಸಸಿಗೆ ಉಪವಾಸ. ಎರಡನೆಯದು, ಹಸಿ ಹುಲ್ಲನ್ನು ನಿಂತ ನೀರಿನೊಳಗೆ ಹೂತರೆ ಗಾಳಿ ಇಲ್ಲದೆ ಕೊಳೆತು ಬೇರಿಗೆ ವಿಷ.

ಎರಡಕ್ಕೂ ಮದ್ದು ಒಂದೇ ಸಲ ಆಗುತ್ತದೆ. ಹುಲ್ಲು ಹರಡಿದ ಮೇಲೆ ಎಕರೆಗೆ 20 ಕೆಜಿ ಯೂರಿಯಾ ಚೆಲ್ಲಿ, ಮಣ್ಣಿನಲ್ಲಿ ಹಸಿ ಇರುವಾಗಲೇ ರೋಟವೇಟರ್ ಹೊಡೆಸಿ. ನಾಲ್ಕರಿಂದ ಆರು ಇಂಚು ಆಳ ಸಾಕು. ಈ ಯೂರಿಯಾ ಹೆಚ್ಚಿನ ಖರ್ಚು ಅಂದುಕೊಳ್ಳಬೇಡಿ, ಮುಂಗಡ ಅಂದುಕೊಳ್ಳಿ. ಮುಂದಿನ ಕಂತುಗಳಲ್ಲಿ ಸ್ವಲ್ಪ ಹಿಡಿದುಕೊಂಡರೆ ಆಯ್ತು. ಎರಡು, ಮೂರು ವಾರ ಮಣ್ಣು ತೇವವಾಗಿರಲಿ, ನೀರು ಮಾತ್ರ ನಿಲ್ಲಬಾರದು. ಹೋಳಿಗೆ ಕಣಕದ ಹದ ಅಂತೀವಲ್ಲ, ಹಾಗೆ. ಆಮೇಲೆ ನೀರು ಕಟ್ಟಿ, ಟ್ರ್ಯಾಕ್ಟರಿಗೆ ಕೇಜ್ ವೀಲ್ ಅನ್ನುವ ಕಬ್ಬಿಣದ ಗಾಲಿ ಹಾಕಿಸಿ ಕೆಸರು ಹೊಡೆಸಿ ನಾಟಿ ಮಾಡಿ.

ಇಷ್ಟು ಸಮಯ ಸಿಗುತ್ತದಾ ಅಂದರೆ, ಬೇಸಿಗೆ ಬೆಳೆ ಆದ ಮೇಲೆ ಧಾರಾಳ ಸಿಗುತ್ತದೆ. ಏಪ್ರಿಲ್‌ನಲ್ಲಿ ಕೊಯ್ದರೆ ಕಾಲುವೆ ನೀರು ಬರುವುದು ಜುಲೈಗೆ. ಜೂನ್ ಮೊದಲ ಹದ ಮಳೆಗೆ ಹೊಡೆಸಿದರೆ ಸಾಕು. ಕಷ್ಟ ಇರುವುದು ಮುಂಗಾರು ಬೆಳೆ ಕೊಯ್ದು ಕೂಡಲೇ ಎರಡನೇ ಬೆಳೆ ನಾಟಿ ಮಾಡುವವರಿಗೆ. ವಾರಬಂದಿ ನೀರು, ಇವತ್ತು ಬಿಟ್ಟರೆ ಮುಂದಿನ ಸರದಿವರೆಗೆ ಇಲ್ಲ. ಅವರು ಪೂರ್ತಿ ಹುಲ್ಲು ಸೇರಿಸುವ ಹಟ ಮಾಡಬಾರದು ಅನ್ನೋದು ನನ್ನ ಅಭಿಪ್ರಾಯ. ಸಾಲಿನ ಹುಲ್ಲು ಎತ್ತಿ ಬಣವಿ ಒಟ್ಟಿ, ಕೂಳೆ ಮಾತ್ರ ಸೇರಿಸಿ. ಅರ್ಧ ಖಾತೆ ಉಳಿಯಿತು. ಅದೂ ಸಣ್ಣದಲ್ಲ.

ಎಷ್ಟು ಹುಷಾರಾಗಿದ್ದರೂ ಗುಳ್ಳೆ, ವಾಸನೆ ಕಂಡರೆ ಎರಡು, ಮೂರು ದಿನ ನೀರು ಬಸಿದು ಮಣ್ಣಿಗೆ ಗಾಳಿ ಆಡಿಸಿ. ಕೂದಲೆಳೆಯಷ್ಟು ಬಿರುಕು ಕಂಡ ಕೂಡಲೇ ಮತ್ತೆ ನೀರು ಕಟ್ಟಿ.

ಹುಲ್ಲು ಕೊಳೆಸುವ ಪುಡಿ, ದ್ರಾವಣಗಳ ಬಗ್ಗೆ ಕೇಳುವವರು ಜಾಸ್ತಿ. ದೆಹಲಿಯ ಪೂಸಾ ಸಂಸ್ಥೆಯ ಡಿಕಂಪೋಸರ್ ಇದೆ, ಟ್ರೈಕೋಡರ್ಮಾ ಅನ್ನುವ ಶಿಲೀಂಧ್ರದ ಪುಡಿ ಇದೆ. ನಾನೂ ಹಾಕಿದ್ದೇನೆ. ಹಸಿ ಇದ್ದರೆ, ಮಣ್ಣು ತಾಗಿದ್ದರೆ ಅವು ಕೆಲಸ ಮಾಡುತ್ತವೆ. ಒಣ ಹುಲ್ಲಿನ ಮೇಲೆ ಬಿಸಿಲಲ್ಲಿ ಸಿಂಪಡಿಸಿದರೆ ಸುಮ್ನೆ ದುಡ್ಡು ದಂಡ.

ಒಂದು ಕಡೆ ಮಾತ್ರ ಹುಲ್ಲು ಸೇರಿಸಬೇಡಿ: ಬೆಂಕಿ ರೋಗ, ಎಲೆಕವಚ ಅಂಗಮಾರಿ, ಕಾಂಡ ಕೊಳೆ ಜೋರಾಗಿ ಬಂದ ಮಡಿಯಲ್ಲಿ. ಅದನ್ನು ಎತ್ತಿ ತಿಪ್ಪೆಗೆ ಹಾಕಿ ಚೆನ್ನಾಗಿ ಕಾವು ಬರುವ ಹಾಗೆ ಕೊಳೆಸಿ.

ಎಷ್ಟು ಚೀಲ ಕಳೆಯಬೇಕು

ಹುಲ್ಲು ಇಟ್ಟ ಮೇಲೆ ಪೊಟ್ಯಾಷ್ ಪೂರ್ತಿ ಬಿಡಬಹುದಾ? ಮಣ್ಣು ಪರೀಕ್ಷೆ ಚೀಟಿ ನೋಡದೆ ಹೇಳೋಕಾಗಲ್ಲ. ಚೀಟಿಯ ಅಂಕಿ ಹೆಕ್ಟೇರಿಗೆ ಇರುತ್ತದೆ, ಅಂದರೆ ಎರಡು ಎಕರೆ 19 ಗುಂಟೆಗೆ. ಪೊಟ್ಯಾಷ್ ಅಂತ ಬರೆದಿದ್ದರೆ 336 ಕೆಜಿ ಮೇಲೆ ಹೆಚ್ಚು, 141ರ ಕೆಳಗೆ ಕಡಿಮೆ. ಪೊಟ್ಯಾಸಿಯಂ ಅಂತ ಬರೆದಿದ್ದರೆ 280ರ ಮೇಲೆ ಹೆಚ್ಚು, 118ರ ಕೆಳಗೆ ಕಡಿಮೆ. ಎರಡೂ ಒಂದೇ ಮಾತು, ಅಳತೆ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಬೇರೆ ಬೇರೆ ಚೀಟಿ ಹೋಲಿಸಿ ಜಗಳ ಆಡಿದವರನ್ನು ಅಂಗಡಿಯಲ್ಲಿ ನೋಡಿದ್ದೇನೆ.

ನಾನು ನಡೆಸುವ ಲೆಕ್ಕ ಇದು. ಎಕರೆಗೆ ಪೂರಾ ಪ್ರಮಾಣ ಅಂದರೆ ಒಂದು ಚೀಲ ಎಂಓಪಿ, 30 ಕೆಜಿ. ಅಂಕಿ ಹೆಚ್ಚು ಇದ್ದು ಹುಲ್ಲೆಲ್ಲಾ ಸೇರಿಸಿದ ಮಡಿಗೆ ಆ ಬೆಳೆಗೆ ಪೊಟ್ಯಾಷ್ ಹಾಕಲ್ಲ. ಅಂಕಿ ಹೆಚ್ಚು ಇದ್ದು ಸಾಲಿನ ಹುಲ್ಲು ಬೇಲರ್‌ನವರಿಗೆ, ಅಂದರೆ ಮಿಷನ್ನಿನಿಂದ ಹುಲ್ಲು ಕಟ್ಟು ಕಟ್ಟಿ ಒಯ್ಯುವವರಿಗೆ, ಕೊಟ್ಟಿದ್ದರೆ ಅರ್ಧ ಚೀಲ. ಅಂಕಿ ಮಧ್ಯಮ, ಹುಲ್ಲೆಲ್ಲಾ ಸೇರಿದೆ, ಆಗಲೂ ಅರ್ಧ ಚೀಲ. ಮಧ್ಯಮ ಇದ್ದು ಹುಲ್ಲು ಹೊರಗೆ ಹೋಗಿದ್ದರೆ ಪೂರಾ ಚೀಲ. ಅಂಕಿ ಕಡಿಮೆ ಇದ್ದರೆ ಹುಲ್ಲು ಸೇರಿಸಿದರೂ ಎರಡು ವರ್ಷ ಪೂರಾ ಚೀಲವೇ. ಮೊದಲು ಮಣ್ಣಿನ ಹಳೇ ಸಾಲ ತೀರಲಿ. ಎರೆಯಲ್ಲಿ ಒಂದೇ ಕಂತಿನಲ್ಲಿ ನಾಟಿಗೆ ಹಾಕುತ್ತೇನೆ. ಮಸಾರಿಯಲ್ಲಾದರೆ ಅರ್ಧ ನಾಟಿಗೆ, ಅರ್ಧ ತೆನೆ ಕಟ್ಟುವ ಮೊದಲು. ಸವಳು, ಅಂದರೆ ಉಪ್ಪು, ಕಾಣಿಸಿಕೊಂಡ ಮಡಿಯಲ್ಲಿ ಎಂಓಪಿ ಕೈ ಬಿಗಿಹಿಡಿದು ಹಾಕಿ, ಅದರಲ್ಲಿ ಕ್ಲೋರೈಡ್ ಇದೆ.

ಬೇಲರ್‌ನವರು ಎಕರೆಗೆ ಸಾವಿರ ರೂಪಾಯಿ ಎಣಿಸಿದಾಗ ಕೈ ಚಾಚಬೇಕು ಅನ್ನಿಸುತ್ತದೆ, ಸಹಜ. ಆದರೆ ಅವರು ಒಯ್ಯುವ ಅರ್ಧ ಹುಲ್ಲಿನಲ್ಲಿ 27 ಕೆಜಿ ಪೊಟ್ಯಾಷ್ ಇದೆ. ಒಂದು ಚೀಲದ ಬೆಲೆ ಎಷ್ಟು ಅಂತ ನಿಮಗೇ ಗೊತ್ತು.

ಅಂಗಡಿಯಲ್ಲಿ ಕೂತು ಕಂಡ ಎರಡು ಮೋಸ ಹೇಳುತ್ತೇನೆ. ಚೀಲದ ಮೇಲಿನ ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾವಾರು. 20-20-0-13 ಚೀಲದ ಕೊನೆಯ 13 ಪೊಟ್ಯಾಷ್ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಗಂಧಕ. ಪೊಟ್ಯಾಷ್ ಜಾಗದಲ್ಲಿ ಇರುವುದು ಸೊನ್ನೆ. ಡಿಎಪಿಯಲ್ಲೂ ಇಲ್ಲ. 10-26-26 ಒಂದು ಚೀಲದಲ್ಲಿ 13 ಕೆಜಿ ಇದೆ, ಅದನ್ನು ಹಾಕಿದ್ದರೆ ಖಾತೆಯಲ್ಲಿ ಕಳೆಯಿರಿ. ಇನ್ನೊಂದು, ಚೀಲದ ಮೇಲೆ ದೊಡ್ಡದಾಗಿ 'ಪೊಟ್ಯಾಷ್' ಅಂತ ಬರೆದು ಯೂರಿಯಾ ಜೊತೆ ಕಟ್ಟಿ ಕೊಡುತ್ತಾರಲ್ಲ, ಅದರ ಸಣ್ಣ ಅಕ್ಷರ ಓದಿ. ಕಾಕಂಬಿಯಿಂದ ಮಾಡಿದ್ದಾದರೆ ಶೇಕಡಾ 14.5 ಅಷ್ಟೇ. 50 ಕೆಜಿಗೆ ಏಳೂಕಾಲು ಕೆಜಿ. ಅದೇನೂ ನಕಲಿ ಮಾಲಲ್ಲ, ಆದರೆ ಅಂಥ ನಾಲ್ಕು ಚೀಲ ಸೇರಿದರೆ ಒಂದು ಎಂಓಪಿ. ಹೊಲಕ್ಕೆ ಬಂದ ಮೊದಲ ವರ್ಷ ನಾನೇ ಎರಡು ಚೀಲ ಹೊತ್ತು ತಂದು ಮನೆಗೆ ಬಂದ ಮೇಲೆ ಓದಿಕೊಂಡೆ. ಒಂಬತ್ತು ವರ್ಷ ಅದೇ ವ್ಯಾಪಾರದಲ್ಲಿ ಇದ್ದವನು!

ಮಣ್ಣು ತೆಗೆಯುವಾಗ

ಇದರಲ್ಲೂ ನನ್ನದೊಂದು ಕಥೆ ಇದೆ. ಒಂದು ವರ್ಷ ನನ್ನ ಚೀಟಿಯಲ್ಲಿ ಪೊಟ್ಯಾಷ್ ಎಷ್ಟು ಏರಿತ್ತು ಅಂದರೆ, ನಾನು ಮೀಸೆ ತಿರುವಿಕೊಂಡು ಓಡಾಡಿದೆ. ಆಮೇಲೆ ನೆನಪಾಯ್ತು, ಮಣ್ಣನ್ನು ಒಣಗಿಸಿದ್ದು ಖಾಲಿ 10-26-26 ಚೀಲದ ಮೇಲೆ. ಚೀಲದ ಹೊಲಿಗೆಯಲ್ಲಿ ಇದ್ದ ಕಾಳು ಸಾಕು ಅಂಕಿ ಕೆಡಿಸೋಕೆ. ಈಗ ಹಳೇ ಧೋತರದ ತುಂಡಿನ ಮೇಲೆ, ನೆರಳಲ್ಲಿ ಒಣಗಿಸುತ್ತೇನೆ.

ಎಕರೆಗೆ ಎಂಟು, ಹತ್ತು ಕಡೆ ಅಂಕುಡೊಂಕಾಗಿ ನಡೆದು, ಆರು ಇಂಚು ಆಳದ ಗುಂಡಿ ಮಾಡಿ ಅದರ ಗೋಡೆಯಿಂದ ಮಣ್ಣು ಹೆರೆಯಿರಿ. ಹುಲ್ಲಿನ ಸಾಲು ಬಿದ್ದಿದ್ದ ಜಾಗ, ಬಣವಿ ಇದ್ದ ಜಾಗ, ಸುಟ್ಟ ಜಾಗ ಬಿಡಿ. ಕಲಸಿ ಅರ್ಧ ಕೆಜಿ ಉಳಿಸಿ. ನಮ್ಮ ಕಡೆಯವರಿಗೆ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ ಇದೆ, ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜು ಇದೆ. ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಿ. ಮೂರು ವರ್ಷಕ್ಕೊಮ್ಮೆ ಸಾಕು, ಆದರೆ ಪ್ರತಿ ಸಲ ಅದೇ ತಿಂಗಳಲ್ಲಿ, ನಾನಾದರೆ ಮೇ ತಿಂಗಳಲ್ಲಿ.

ಜೋಳದ ಕಣಕಿ, ತೊಗರಿ ಕಟ್ಟಿಗೆ

ಎರೆ ಹೊಲದ ಕಣಕಿಯನ್ನು ಮಣ್ಣಿಗೆ ಸೇರಿಸಿ ಅಂತ ನಾನು ಯಾರಿಗೂ ಹೇಳಲ್ಲ. ದನ ಏನು ತಿನ್ನಬೇಕು? ಆದರೆ ದನದ ಹೊಟ್ಟೆಯಲ್ಲಿ ಪೊಟ್ಯಾಷ್ ನಿಲ್ಲಲ್ಲ, ಬಹುಪಾಲು ಹೊರಗೆ ಬರುತ್ತದೆ. ಬರುವುದು ಸೆಗಣಿಯಲ್ಲಿ ಸ್ವಲ್ಪ, ಉಚ್ಚೆಯಲ್ಲಿ ಜಾಸ್ತಿ. ನಾವು ಸೆಗಣಿ ಬಾಚಿ ತಿಪ್ಪೆಗೆ ಹಾಕುತ್ತೇವೆ, ಉಚ್ಚೆ ಚರಂಡಿಗೆ ಬಿಡುತ್ತೇವೆ. ನಾನು ಕೊಟ್ಟಿಗೆಯಲ್ಲಿ ದನ ಬಿಟ್ಟ ಕಣಕಿ ದಂಟು, ಭತ್ತದ ಹುಲ್ಲು ಹಾಸುತ್ತೇನೆ. ಉಚ್ಚೆ ಹೀರಿಕೊಂಡದ್ದು ಬೆಳಿಗ್ಗೆ ತಿಪ್ಪೆಗೆ. ಮಳೆಗಾಲಕ್ಕೆ ತಿಪ್ಪೆ ಮೇಲೆ ಹಳೇ ತಾಡಪತ್ರಿ. ತಿಪ್ಪೆಯಿಂದ ಹರಿಯುವ ಕಂದು ನೀರು ನೋಡಿದರೆ ಬಕೆಟ್ ನೆನಪಾಗುತ್ತದೆ ಅಲ್ವಾ?

ತೊಗರಿ ಕಟ್ಟಿಗೆ ಒಲೆಗೆ ಹೋಗುತ್ತದೆ. ಬೂದಿ ಉಳಿಯುತ್ತದೆ. ಪೊಟ್ಯಾಷ್ ಅನ್ನುವ ಹೆಸರು ಹುಟ್ಟಿದ್ದೇ ಗಡಿಗೆಯಲ್ಲಿ ಕುದಿಸಿ ತೆಗೆದ ಬೂದಿಯಿಂದ. ಆದರೆ ಬೂದಿ ಕ್ಷಾರ, ನಮ್ಮ ಎರೆಯೂ ಕ್ಷಾರ. ತೆಂಗು, ನಿಂಬೆ ಗಿಡದ ಸುತ್ತ ಒಂದೊಂದು ಹಿಡಿ ಉದುರಿಸುತ್ತೇವೆ ಅಷ್ಟೇ. ಯೂರಿಯಾ ಜೊತೆ ಕಲಸಬೇಡಿ, ಸಾರಜನಕ ಹಾರಿಹೋಗುತ್ತದೆ. ಬೀದರ್ ಕಡೆ ಕೆಂಪು ಜಮೀನಿನ ಬೀಗರು ನಮಗಿಂತ ಧಾರಾಳವಾಗಿ ಹಾಕಬಹುದು.

ಒಂದು ಪಟ್ಟಿ ಬಿಡಿ

ನನ್ನ ಲೆಕ್ಕವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಗದ್ದೆಯ ಒಂದು ಬದಿಗೆ ಹತ್ತು ಅಡಿ ಅಗಲದ ಪಟ್ಟಿಗೆ ಪೊಟ್ಯಾಷ್ ಹಾಕದೆ ಬಿಡಿ. ಪಕ್ಕದ ಹತ್ತು ಅಡಿಗೆ ಪೂರಾ ಹಾಕಿ. ತೆನೆ ಹಾಲು ತುಂಬುವಾಗ ಎರಡರ ಕೆಳಗಿನ ಹಳೇ ಎಲೆ ನೋಡಿ. ತುದಿಯಿಂದ ಶುರುವಾಗಿ ಅಂಚು ಹಳದಿಯಾಗಿ ಕಂದಿದ್ದರೆ, ಗಾಳಿಗೆ ಆ ಕಡೆಯೇ ಮೊದಲು ಮಲಗಿದರೆ, ಜೊಳ್ಳು ಜಾಸ್ತಿ ಇದ್ದರೆ, ಹುಲ್ಲಿನ ಪೊಟ್ಯಾಷ್ ಸಾಲುತ್ತಿಲ್ಲ ಅಂತ ಅರ್ಥ. ಎರಡೂ ಒಂದೇ ತರ ಇದ್ದರೆ ಚೀಲದ ದುಡ್ಡು ಉಳಿಯಿತು. ಪಟ್ಟಿಯ ಎರಡು ತುದಿಗೂ ಗುರುತು ಇರಲಿ. ನಾನು ಕಲ್ಲು ನೆಟ್ಟಿದ್ದೆ, ಎಮ್ಮೆ ಕಾಯುವ ಹುಡುಗರು ಕಿತ್ತು ಮಾವಿನಕಾಯಿ ಹೊಡೆದರು. ಈಗ ಹಳೇ ಪಿವಿಸಿ ಪೈಪಿನ ತುಂಡು ಎರಡಡಿ ಆಳಕ್ಕೆ ಹೂತಿದ್ದೇನೆ.